ಶ್ರಮದಾನಕ್ಕೆ ರಸೀದಿಯಿಲ್ಲ, ರಸೀದಿಯಿಲ್ಲದವರಿಗೆ ನೆರವಿಲ್ಲ

ಬೇಸಿಗೆಗೆ ಮುನ್ನ ಕಾನಿನ ಅಂಚಿನ ತರಗೆಲೆ ಗುಡಿಸಿ ಬೆಂಕಿರೇಖೆ ಬಿಡಿಸುವ, ಮಳೆಗಾಲಕ್ಕೆ ಮೊದಲು ಇಂಗುಗುಂಡಿ ತೋಡುವ, ರಾಮಪತ್ರೆ ಜಡ್ಡಿಯನ್ನು ಕಾಯುವ ಹಳ್ಳಿ ಸಂಘಗಳಿಗೆ ಶ್ರಮದಾನವೇ ಬಂಡವಾಳ. ಇಂಥದೊಂದು ಸಂಘ ವಿದೇಶಿ ನೆರವು ಕೋರಲು ಹೊರಟರೆ ಮೊದಲು ಎದುರಾಗುವ ಪ್ರಶ್ನೆ, ‘ಮೂರು ವರ್ಷಗಳಲ್ಲಿ ಎಷ್ಟು ಹಣ ಖರ್ಚು ಮಾಡಿದ್ದೀರಿ?’

2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯಿದೆಯಡಿ ನೋಂದಣಿ ಪಡೆಯಲು ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು. ಆ ಅವಧಿಯಲ್ಲಿ ಸಮಾಜದ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ವ್ಯಯಿಸಿರಬೇಕು. 2020ರ ನವೆಂಬರ್‌ವರೆಗೆ ಈ ಮೊತ್ತ 10 ಲಕ್ಷವಿತ್ತು. ನೋಂದಣಿಯಿಲ್ಲದವರಿಗೆ ಪೂರ್ವಾನುಮತಿಯ ದಾರಿಯೊಂದಿದೆ. ಅದಕ್ಕೆ ನಿರ್ದಿಷ್ಟ ದಾನಿ, ನಿರ್ದಿಷ್ಟ ಮೊತ್ತ, ನಿರ್ದಿಷ್ಟ ಕೆಲಸ ನಮೂದಿಸಿದ ಪತ್ರ ಬೇಕು. ಎರಡರಲ್ಲಿ ಯಾವ ದಾರಿ ಹಿಡಿದರೂ ಹಣ ಮೊದಲು ಬಂದಿಳಿಯಬೇಕಾದುದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ.

ಸಣ್ಣ ಸಂಘಗಳಿಗೆ ಇವೆರಡಕ್ಕಿಂತ ಸುಲಭವಾದ ದಾರಿ ಬೇರೊಂದಿತ್ತು. ದೊಡ್ಡ ಸಂಸ್ಥೆ ಹಣ ಪಡೆದು, ಕೆಲಸ ಮಾಡುವವರಿಗೆ ಹಂಚುತ್ತಿತ್ತು. ಜಾಗತಿಕ ನಿಧಿಯೊಂದು 2008ರಿಂದ ಪಶ್ಚಿಮ ಘಟ್ಟಕ್ಕೆ ನೀಡಿದ ಜೀವವೈವಿಧ್ಯ ಅನುದಾನಗಳ ಸಮನ್ವಯ ಮಾಡಿದ್ದು ಬೆಂಗಳೂರಿನ ಏಟ್ರೀ ಸಂಸ್ಥೆ. 2020ರ ಸೆಪ್ಟೆಂಬರಿನ ತಿದ್ದುಪಡಿ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನೇ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು.

ಹಣ ಸೋರಿಹೋಗುತ್ತದೆ ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಹಳ್ಳಿಯ ಹೆಸರಿನಲ್ಲಿ ಬಂದ ಹಣದ ಲೆಕ್ಕವನ್ನು ಹಳ್ಳಿಗೇ ತೋರಿಸದ ಸಂಸ್ಥೆಗಳು ಈ ಕಾನೂನಿಗೆ ನೆಪ ಒದಗಿಸಿವೆ. ಆದರೆ ಸೋರುವ ಕಾಲುವೆಯನ್ನು ದುರಸ್ತಿ ಮಾಡಬೇಕೇ ಹೊರತು ತುದಿಯ ಗದ್ದೆಗೆ ನೀರು ನಿಲ್ಲಿಸುವುದು ನ್ಯಾಯವಲ್ಲ. ಲೆಕ್ಕಪರಿಶೋಧಕರನ್ನೂ ಕಚೇರಿಯನ್ನೂ ಇಟ್ಟುಕೊಳ್ಳಬಲ್ಲ ನಗರದ ಸಂಸ್ಥೆ ಉಳಿಯುತ್ತದೆ. ಅದರ ಯೋಜನೆಯಲ್ಲಿ ಪಾಲುದಾರನಾಗಬೇಕಿದ್ದ ಹಳ್ಳಿಗ ಕೂಲಿಯವನಾಗುತ್ತಾನೆ.

ಪರಿಹಾರ ಕಷ್ಟವಲ್ಲ. ಶ್ರಮದಾನವನ್ನು ಕನಿಷ್ಠ ಕೂಲಿಯ ದರದಲ್ಲಿ ವೆಚ್ಚವೆಂದು ಪರಿಗಣಿಸಲಿ. ಸಣ್ಣ ಮೊತ್ತದ ಮರುಹಂಚಿಕೆಗೆ, ಗ್ರಾಮಸಭೆಯಲ್ಲಿ ಲೆಕ್ಕ ಓದಬೇಕೆಂಬ ಷರತ್ತಿನೊಡನೆ, ಅನುಮತಿ ನೀಡಲಿ.

ಹಾಗೆಂದು ಹೊರಗಿನ ಹಣವನ್ನೇ ನೆಚ್ಚಿ ಕೂರುವುದೂ ವಿವೇಕವಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಒಮ್ಮೆಗೇ ತಡೆಹಿಡಿದಾಗ ಅದನ್ನೇ ನಂಬಿದ್ದ ಸಂಸ್ಥೆಗಳು ಹಲವು ದೇಶಗಳಲ್ಲಿ ಕುಸಿದವು. ನೆರವು ಕೆಲಸಕ್ಕೆ ಬಲವಾಗಬೇಕು, ಕೆಲಸದ ಉಸಿರಾಗಬಾರದು.

ವಿದ್ಯಾರ್ಥಿಗಳು ತಮ್ಮೂರ ಸಂಘದ ನಡಾವಳಿ, ಹಾಜರಿ, ಖರ್ಚಿನ ಪುಸ್ತಕಗಳನ್ನು ಇಂದೇ ಸರಿಪಡಿಸಿಕೊಡಲಿ. ಯೋಜನೆ ಹೊತ್ತು ಬರುವ ಯಾವ ಸಂಸ್ಥೆಯನ್ನೇ ಆಗಲಿ ಹಳ್ಳಿಗರು ಜಗಲಿಯಲ್ಲಿ ಕೂರಿಸಿ ಎರಡು ಪ್ರಶ್ನೆ ಕೇಳಲಿ: ಈ ಊರಿನ ಹೆಸರಿನಲ್ಲಿ ಬಂದದ್ದೆಷ್ಟು? ಈ ಊರಿಗೆ ತಲುಪಿದ್ದೆಷ್ಟು?