ಗಂಟೆ ಯಾರ ಕೈಯಲ್ಲಿ?

1869ರ ನವೆಂಬರ್. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ‘ಲಯನ್ ಹೌಸ್’ನಲ್ಲಿ ಮಾರ್ಮನ್ ಪಂಥದ ಮುಖ್ಯಸ್ಥ ಬ್ರಿಗಮ್ ಯಂಗ್ ಪ್ರಾರ್ಥನೆಯ ಗಂಟೆ ಬಾರಿಸಿದರು. ಪಡಸಾಲೆಗೆ ಬಂದ ತಮ್ಮ ಹೆಣ್ಣುಮಕ್ಕಳಿಗೆ ಉಡುಗೆತೊಡುಗೆಯ ಆಡಂಬರ ಬಿಡಿ, ಮಾತು ಹಿಡಿತದಲ್ಲಿರಲಿ ಎಂದರು. ಯುವತಿಯರ ಸಂಘ ಹುಟ್ಟಿದ್ದು ಹೀಗೆ, ಅಪ್ಪನ ಬುದ್ಧಿಮಾತಿನಿಂದ.

ಬೆಳೆಸಿದ್ದು ಮಾತ್ರ ಹೆಂಗಸರು. 1880ರಲ್ಲಿ ಮೊದಲ ಅಧ್ಯಕ್ಷೆಯಾದ ಎಲ್ಮಿನಾ ಶೆಪರ್ಡ್ ಟೇಲರ್ ನ್ಯೂಯಾರ್ಕ್ ಸೀಮೆಯವರು, ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು. 1904ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 24 ವರ್ಷ, ಆ ಹೊಣೆ ಹೊತ್ತರು. ಅವರ ಕಾಲದಲ್ಲೇ, 1889ರಲ್ಲಿ, ಯಂಗ್ ಅವರ ಮಗಳು ಸೂಸಾ ಯಂಗ್ ಗೇಟ್ಸ್ ಯುವತಿಯರಿಗೆಂದೇ ಮಾಸಪತ್ರಿಕೆ ಶುರು ಮಾಡಿದರು. ಮಾತು ಕಡಿಮೆ ಮಾಡಿ ಎನ್ನಿಸಿಕೊಂಡ ಮನೆಯ ಹುಡುಗಿಯೇ ಸಂಪಾದಕಿಯಾದಳು!

ಆದರೂ ಗೆರೆಯೊಂದು ಉಳಿದಿದೆ. ಇಂದಿಗೂ ಅಧ್ಯಕ್ಷೆಯನ್ನು ನೇಮಿಸುವುದು ಗಂಡಸರೇ ತುಂಬಿದ ಪೀಠ. ಪೌರೋಹಿತ್ಯದ ದೀಕ್ಷೆ ಹೆಂಗಸರಿಗಿಲ್ಲ. ಪಂಥದ ಮಹಾಸಭೆಯಲ್ಲಿ ಮಹಿಳೆಯೊಬ್ಬರು ಮೊದಲ ಬಾರಿ ಪ್ರಾರ್ಥನೆ ಸಲ್ಲಿಸಿದ್ದು 2013ರಲ್ಲಿ. ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಲ್ಲುವ ಅವಕಾಶ ಹೆಂಗಸರಿಗೆ ಸಿಕ್ಕಿದ್ದು 2019ರಲ್ಲಿ.

ಇವೆಲ್ಲ ಸ್ವಾಗತಾರ್ಹವೇ. ಆದರೆ ಹದಿಹರೆಯದ ಹುಡುಗಿಯರಿಗೆ ಮುಂದಾಳತ್ವ ಕಲಿಸುವ ಅಧ್ಯಕ್ಷೆ, ಕೊನೆಯ ಮಾತಿಗೆ ಈಗಲೂ ಪಕ್ಕದ ಕೋಣೆಯ ಗಂಡಸರ ಮುಖ ನೋಡಬೇಕು. ಆ ಹುಡುಗಿಯರು ಅದನ್ನೂ ಗಮನಿಸುತ್ತಿರುತ್ತಾರೆ.