ಮಕ್ಕಳಿಗೆ ‘ಥ್ಯಾಂಕ್ಸ್ ಹೇಳು’ ಎಂದರೆ ಕೃತಜ್ಞತೆ ಬಂದುಬಿಡುತ್ತದೆಯೇ?

‘ಮಕ್ಕಳಿಂದ 21 ದಿನ ಕೃತಜ್ಞತೆಯ ಡೈರಿ ಬರೆಸಿ, ಅವರ ಮೆದುಳೇ ಬದಲಾಗುತ್ತದೆ’ ಎಂಬಂಥ ಸಂದೇಶ ನಿಮ್ಮ ಮಗುವಿನ ಶಾಲೆಯ ವಾಟ್ಸ್‌ಆಪ್ ಗುಂಪಿಗೂ ಬಂದಿರಬಹುದು. ಉದ್ದೇಶ ಒಳ್ಳೆಯದೇ. ಆದರೆ ಇದರಲ್ಲಿ ಎಷ್ಟು ನಿಜ?

21 ದಿನದ ಲೆಕ್ಕ ಎಲ್ಲಿಂದ ಬಂತು?

ಮುಖದ ಶಸ್ತ್ರಚಿಕಿತ್ಸೆಯಾದವರು ಹೊಸ ರೂಪಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಎಂಬ ಪದ ಉದುರಿಹೋಯಿತು. ಲಂಡನ್‌ನಲ್ಲಿ ವಯಸ್ಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸ ಅಭ್ಯಾಸ ರೂಢಿಯಾಗಲು ಸರಾಸರಿ 66 ದಿನ ಹಿಡಿದಿತ್ತು.

ಡೈರಿ ಬರೆದರೆ ಲಾಭವಿಲ್ಲವೇ?

ಸ್ವಲ್ಪ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಫ್ರೋ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6 ಮತ್ತು 7ನೇ ತರಗತಿಯ 221 ಮಕ್ಕಳಿದ್ದರು. ಎರಡು ವಾರ ಕೃತಜ್ಞತೆಯ ಪಟ್ಟಿ ಬರೆದವರಿಗೆ ಶಾಲೆಯ ಬಗ್ಗೆ ಹೆಚ್ಚು ಸಮಾಧಾನವಿತ್ತು. ಆದರೆ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆ, ಖಿನ್ನತೆ ಮತ್ತು ಆತಂಕದ ಮೇಲೆ ಇದರ ಪರಿಣಾಮ ಚಿಕ್ಕದು ಎಂದಿತು. ಅಂದರೆ ಇದು ಔಷಧಿಯಲ್ಲ. ಮಗು ವಾರಗಟ್ಟಲೆ ಮಂಕಾಗಿದ್ದರೆ ಡೈರಿ ಕೊಟ್ಟು ಕೂರಬೇಡಿ. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಹಾಗಾದರೆ ಕಲಿಸುವುದು ಹೇಗೆ?

ಫ್ರೋ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 8ರಿಂದ 11 ವರ್ಷದ ಮಕ್ಕಳಿಗೆ ತರಗತಿಯಲ್ಲಿ ಮೂರು ವಿಷಯ ಯೋಚಿಸಲು ಕಲಿಸಲಾಗಿತ್ತು: ಅವರು ಬೇಕೆಂದೇ ನನಗೆ ನೆರವಾದರೇ? ಅದಕ್ಕಾಗಿ ಅವರು ಏನು ಕಷ್ಟಪಟ್ಟರು? ನನಗೆ ಏನು ಉಪಕಾರವಾಯಿತು? ಹೀಗೆ ಕಲಿತ ಮಕ್ಕಳು ಉಳಿದವರಿಗಿಂತ ಹೆಚ್ಚು ಧನ್ಯವಾದ ಪತ್ರ ಬರೆದರು.

ನಮ್ಮಲ್ಲಿ ಇದು ಮುಖ್ಯ. ಮನೆಯಲ್ಲಿ ಅಮ್ಮನಿಗೆ ‘ಧನ್ಯವಾದ’ ಎಂದರೆ ಅವರೇ ನಕ್ಕುಬಿಟ್ಟಾರು! ಬಾಯಿಮಾತಿಗಿಂತ ಇನ್ನೊಬ್ಬರ ಶ್ರಮ ಕಣ್ಣಿಗೆ ಬೀಳುವುದು ದೊಡ್ಡದು. ಗುಂಪಿನಲ್ಲಿ ಇದು ಸುಲಭ, ಏಕೆಂದರೆ ಒಬ್ಬರಿಗೆ ಹೊಳೆಯದ್ದು ಇನ್ನೊಬ್ಬರಿಗೆ ಹೊಳೆಯುತ್ತದೆ.

ಮೂರು ಗುಂಪು ಚಟುವಟಿಕೆಗಳು

1. ತಟ್ಟೆಯ ಹಿಂದೆ ಯಾರು? ಬಿಸಿಯೂಟದ ಅನ್ನ-ಸಾರು ತಟ್ಟೆಗೆ ಬರಲು ಯಾರೆಲ್ಲ ದುಡಿದರು? ರೈತ, ಹಮಾಲಿ, ಲಾರಿ ಚಾಲಕ, ಅಡುಗೆಯವರು... ಮಕ್ಕಳು ಹೇಳುತ್ತಾ ಹೋಗಲಿ, ಬೋರ್ಡ್ ಮೇಲೆ ಬರೆಯಿರಿ.

2. ಒಬ್ಬರನ್ನು ಮಾತಾಡಿಸಿ. ಅಡುಗೆಯ ಅಕ್ಕನನ್ನೋ ವ್ಯಾನ್ ಓಡಿಸುವ ಅಣ್ಣನನ್ನೋ ತರಗತಿಗೆ ಕರೆಯಿರಿ. ಎಷ್ಟು ಗಂಟೆಗೆ ಏಳುತ್ತಾರೆ, ಯಾವ ಕೆಲಸ ಕಷ್ಟ ಎಂದು ಮಕ್ಕಳೇ ಕೇಳಲಿ. ಆಮೇಲೆ ಎಲ್ಲರೂ ಸೇರಿ ಒಂದು ಕಾರ್ಡ್ ಮಾಡಲಿ. ‘ಎಲ್ಲದಕ್ಕೂ ಥ್ಯಾಂಕ್ಸ್’ ಬೇಡ. ಯಾವುದಕ್ಕೆ ಎಂದು ಬರೆಯಲಿ.

3. ವಾರದ ಸುತ್ತು. ಶನಿವಾರ ವೃತ್ತವಾಗಿ ಕೂತು, ಈ ವಾರ ನೆರವಾದ ಗೆಳೆಯರ ಬಗ್ಗೆ ಒಂದೊಂದು ಮಾತು. ಇಷ್ಟವಿಲ್ಲದವರು ಸುಮ್ಮನಿರಬಹುದು.

ಈ ತಪ್ಪುಗಳು ಬೇಡ

‘ಊಟಕ್ಕಿಲ್ಲದವರನ್ನು ನೋಡು, ನೀನೇ ಪುಣ್ಯವಂತ’ ಎನ್ನಬೇಡಿ. ಇದರಿಂದ ಕೃತಜ್ಞತೆಗಿಂತ ಅಪರಾಧಿ ಭಾವವೋ ಮೇಲರಿಮೆಯೋ ಬೆಳೆಯಬಹುದು. ಅದೇ ತರಗತಿಯಲ್ಲಿ ಬಡಮಕ್ಕಳೂ ಇರುತ್ತಾರೆ.

‘ನಿನಗೋಸ್ಕರ ಇಷ್ಟೆಲ್ಲ ಮಾಡಿದ್ದೇವೆ, ಎದುರು ಮಾತಾಡುತ್ತೀಯಾ?’ ಎನ್ನುವುದು ಸಾಲ ವಸೂಲಿ, ಕೃತಜ್ಞತೆಯಲ್ಲ. ಇನ್ನೂ ಅಪಾಯದ ಸಂಗತಿಯೆಂದರೆ, ಉಪಕಾರ ಮಾಡಿದವರ ವಿರುದ್ಧ ಮಾತಾಡಬಾರದು ಎಂದು ನಂಬಿದ ಮಗು, ಅವರಿಂದಲೇ ಹಿಂಸೆಯಾದರೂ ಬಾಯಿ ಬಿಡದಿರಬಹುದು. ಉಪಕಾರ ನೆನೆಯುವುದು ಬೇರೆ, ತಪ್ಪನ್ನು ಸಹಿಸುವುದು ಬೇರೆ ಎಂದು ಮಕ್ಕಳಿಗೆ ಬಿಡಿಸಿ ಹೇಳಿ.

ಒಟ್ಟಿನಲ್ಲಿ: 21 ದಿನದಲ್ಲಿ ಮೆದುಳು ಬದಲಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆದರೆ ತಮಗಾಗಿ ಯಾರು ದುಡಿಯುತ್ತಿದ್ದಾರೆ ಎಂದು ಗಮನಿಸಲು ಮಕ್ಕಳಿಗೆ ಕಲಿಸಬಹುದು. ಮುಂದಿನ ಸಲ ಆ ಸಂದೇಶ ಬಂದರೆ ಇದನ್ನೂ ಜೊತೆಗೆ ಕಳಿಸಿ.