ಕುದುರೆ ಬಂದರಿನ ಸೈಕಲ್ ಸವಾರರಿಗೆ



ರವಿವಾರ ನಸುಕಿನಲ್ಲೇ ಎದ್ದು ನೀವು ಸೈಕಲ್ ತುಳಿದುಕೊಂಡು ಹೋಗುವ ಘೋಡಬಂದರ್ ರಸ್ತೆಗೆ ಆ ಹೆಸರು ಏಕೆ ಬಂತೆಂದು ಎಂದಾದರೂ ಯೋಚಿಸಿದ್ದೀರಾ? ಘೋಡಾ ಎಂದರೆ ಕುದುರೆ, ಬಂದರ್ ಎಂದರೆ ಹಡಗು ನಿಲ್ಲುವ ತಾಣ. ಖಾಡಿಯ ದಂಡೆಯಲ್ಲಿ ಪೋರ್ಚುಗೀಸರ ಕಾಲದ ಕೋಟೆ ಇಂದಿಗೂ ಇದೆ. ಅರಬರ ಕುದುರೆಗಳು ಇಲ್ಲಿ ಬಂದಿಳಿಯುತ್ತಿದ್ದುದರಿಂದಲೇ ಈ ಹೆಸರು ಎಂದು ಹೇಳುತ್ತಾರೆ. ಅಂದು ಕುದುರೆಯ ಹಲ್ಲು ನೋಡಿ, ಗೊರಸು ಮುಟ್ಟಿ ಬೆಲೆ ಕಟ್ಟುತ್ತಿದ್ದರು. ಇಂದು ಅದೇ ದಾರಿಯ ಚಹಾದಂಗಡಿಗಳ ಮುಂದೆ ನೀವು ಸೈಕಲಿನ ಫ್ರೇಮ್ ತಟ್ಟಿ, ಗೇರು ತಿರುಗಿಸಿ ಬೆಲೆ ಕಟ್ಟುತ್ತೀರಿ. ಕುದುರೆ ಹೋಯಿತು, ಚೌಕಾಸಿ ಉಳಿಯಿತು!

ಬೆಳಗಿನ ವಾಯುವಿಹಾರದಲ್ಲಿ ನಿಮ್ಮ ಮಾತುಗಳು ಎಷ್ಟೋ ಸಲ ನನ್ನ ಕಿವಿಗೂ ಬಿದ್ದಿವೆ.

"ಅಲ್ಯೂಮಿನಿಯಮ್ ಫ್ರೇಮಾ? ಸೊಂಟ ಹೋಗ್ತದೆ ಮಾರಾಯ. ಕಾರ್ಬನ್ ತಗೊ, ಬೆಣ್ಣೆಯ ಹಾಗೆ ಹೋಗ್ತದೆ."

"ಬೆಣ್ಣೆಯ ಹಾಗೆ ಕರಗುವುದು ನನ್ನ ಪಗಾರ!"

"ಸೋರಾ ಗೇರಿನಲ್ಲಿ ಗಾಯಮುಖದ ಏರು ಹತ್ತಲಿಕ್ಕೆ ಆಗ್ತದಾ? ಕಡಿಮೆ ಅಂದರೂ 105 ಬೇಕು."

"ನಿನಗೆ 105 ಆಗಲೇ ಇದೆಯಲ್ಲ, ಸೊಂಟದ ಸುತ್ತಳತೆ!"

ಕೇಳಲು ಬಹಳ ಖುಷಿ. ಆದರೆ ಈ ತಮಾಷೆಯ ನಡುವೆ ಲಕ್ಷಗಟ್ಟಲೆ ರೂಪಾಯಿಯ ವಿಚಾರವೂ ಇದೆ. ಆದ್ದರಿಂದ ಈ ಸಲ ಸೈಕಲಿನ ಬಗ್ಗೆಯೇ ನಾಲ್ಕು ಮಾತು.

ಮೊದಲು ಫ್ರೇಮ್. ಉಕ್ಕಿನದು ಭಾರ, ಆದರೆ ಬಾಳಿಕೆ ಹೆಚ್ಚು. ಬಿರುಕು ಬಿಟ್ಟರೆ ಬಲ್ಲವರು ಬೆಸುಗೆ ಹಾಕಿಕೊಡುತ್ತಾರೆ. ಅಲ್ಯೂಮಿನಿಯಮ್ ಹಗುರ, ನಮ್ಮ ಮುಂಬಯಿ ಮಳೆಗೆ ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ. ಕಾರ್ಬನ್ ಎಂದರೆ ಇಂಗಾಲದ ಸೂಕ್ಷ್ಮ ಎಳೆಗಳನ್ನು ಅಂಟಿನಲ್ಲಿ ಪದರಪದರವಾಗಿ ಕೂಡಿಸಿ ಮಾಡಿದ್ದು. ಅದು ತೀರ ಹಗುರ ನಿಜ, ಆದರೆ ಜೋರಾಗಿ ಪೆಟ್ಟು ಬಿದ್ದರೆ ಮೇಲಿನ ಬಣ್ಣ ಸರಿಯಾಗಿದ್ದೂ ಒಳಗೆ ಬಿರುಕು ಬಿಟ್ಟಿರಬಹುದು. ಸೆಕೆಂಡ್‌ಹ್ಯಾಂಡ್ ಕಾರ್ಬನ್ ಕೊಳ್ಳುವವರು ತಿಳಿದವರಿಗೆ ತೋರಿಸದೆ ಹಣ ಕೊಡಬಾರದು. ಇನ್ನು ಗೇರು. ಜಪಾನಿನ ಶಿಮಾನೊ ಕಂಪೆನಿ 1921ರಲ್ಲಿ ಆರಂಭವಾದದ್ದು. ಅದರ ರಸ್ತೆ ಸೈಕಲ್ ಗೇರುಗಳಲ್ಲಿ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯುರಾ-ಏಸ್ ಎಂದು ಬಹುಕಾಲದಿಂದ ನಡೆದುಬಂದ ಮೆಟ್ಟಿಲುಗಳಿವೆ. ಮೇಲೆ ಹೋದಂತೆ ತೂಕ ಇಳಿಯುತ್ತದೆ, ಗೇರು ಬದಲಾಗುವುದು ನಯವಾಗುತ್ತದೆ, ಬೆಲೆ ಮಾತ್ರ ಜಿಗಿಯುತ್ತದೆ. ಇಂದು ಸಾಧಾರಣ ರಸ್ತೆ ಸೈಕಲ್ 30-40 ಸಾವಿರಕ್ಕೆ ಸಿಗುತ್ತದೆ. ಕಾರ್ಬನ್ ಆದರೆ ಲಕ್ಷ ದಾಟುತ್ತದೆ. ಮೇಲ್ದರ್ಜೆಯದು 10 ಲಕ್ಷವನ್ನೂ ಮೀರುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ನಿಮ್ಮ ತೂಕ 70 ಕಿಲೋ, ಸೈಕಲ್ 10 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು 80. ಲಕ್ಷ ಸುರಿದು 8 ಕಿಲೋದ ಸೈಕಲ್ ತಂದಿರಿ. ಒಟ್ಟು 78. ಅಂದರೆ ಇಳಿದದ್ದು ನೂರಕ್ಕೆ ಎರಡೂವರೆ ಪಾಲು. ಗಾಯಮುಖದ ಏರಿಗೆ ನಿಮಗೆ 4 ನಿಮಿಷ ಹಿಡಿಯುತ್ತದೆ ಎಂದಾದರೆ, ಅದೇ ಶ್ರಮದಲ್ಲಿ ಉಳಿಯುವುದು ಹೆಚ್ಚೆಂದರೆ 6 ಸೆಕೆಂಡು. ಸಮತಟ್ಟಾದ ರಸ್ತೆಯಲ್ಲಿ ಅಷ್ಟೂ ಇಲ್ಲ. ಅಲ್ಲಿ ನಿಮ್ಮ ವೈರಿ ತೂಕವಲ್ಲ, ಗಾಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನಿಮ್ಮ ಶ್ರಮದ ಸುಮಾರು ಮುಕ್ಕಾಲು ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟು ಪಟ್ಟು!

ಈ ಮಾತಿಗೆ ಸೈಕಲ್ ಲೋಕದಲ್ಲೇ ಒಂದು ಒಳ್ಳೆಯ ಸಾಕ್ಷಿಯಿದೆ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಉಕ್ಕಿನ ಸೈಕಲಿನ ಮೇಲೆ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಹೋಗಿ ದಾಖಲೆ ಮಾಡಿದರು. 1996ರಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಹೊಸ ಮಾದರಿಯ ಸೈಕಲಿನ ಮೇಲೆ, ಕೈಗಳನ್ನು ಮುಂದಕ್ಕೆ ಚಾಚಿ ಗಾಳಿಗೆ ತಡೆಯಾಗದಂತೆ ಮಲಗಿದ ಭಂಗಿಯಲ್ಲಿ 56.375 ಕಿಲೋಮೀಟರ್ ಕ್ರಮಿಸಿದರು. ಆಮೇಲೆ ಅಂತಾರಾಷ್ಟ್ರೀಯ ಸಂಸ್ಥೆ, ಮರ್ಕ್ಸ್ ಕಾಲದ ಮಾದರಿಯ ಸೈಕಲಿನಲ್ಲೇ ಈ ಪಂಥ ನಡೆಯಬೇಕೆಂದು ನಿಯಮ ಮಾಡಿತು. 2000ದಲ್ಲಿ ಅದೇ ಬೋರ್ಡ್‌ಮನ್ ಹಾಗೆ ಹೋದಾಗ ದೂರವೆಷ್ಟು ಗೊತ್ತೇ? 49.441 ಕಿಲೋಮೀಟರ್. ಇಪ್ಪತ್ತೆಂಟು ವರ್ಷಗಳ ಬಳಿಕ ಹೆಚ್ಚಿದ್ದು ಬರೀ 10 ಮೀಟರ್! ಸಲಕರಣೆಯಿಂದ ಲಾಭವಿಲ್ಲವೆಂದಲ್ಲ, ಲಾಭವಿದೆ. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದು ಹಣ ಬಿಚ್ಚಬೇಕು.

ಪುನಃ ಕುದುರೆಗೆ ಬರುತ್ತೇನೆ. ನಮ್ಮ ವಿಜಯನಗರದ ಅರಸರಿಗೂ ಕಡಲಾಚೆಯ ಕುದುರೆಗಳ ಮೇಲೆ ಬಹಳ ಆಸೆ. ಭಟ್ಕಳದಂಥ ಬಂದರುಗಳಲ್ಲಿ ಅವು ಬಂದಿಳಿಯುತ್ತಿದ್ದವು. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ ಒಂದು ಸ್ವಾರಸ್ಯದ ಸಂಗತಿ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನು, ಕುದುರೆ ಹಡಗಿನಲ್ಲೇ ಸತ್ತುಹೋದರೂ ಅದರ ಬಾಲವನ್ನು ತಂದು ತೋರಿಸಿದವರಿಗೆ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ! ವ್ಯಾಪಾರಿಗಳು ನಷ್ಟಕ್ಕೆ ಹೆದರಿ ಬರುವುದನ್ನು ನಿಲ್ಲಿಸಬಾರದೆಂದು ಅರಸನ ಲೆಕ್ಕವಿದ್ದೀತು. ನಾವಂತೂ ಅರಸರಲ್ಲ. ಸ್ನೇಹಿತರ ಬಳಿ ಇದೆಯೆಂದು ಕಂತಿನಲ್ಲಿ ಸಾಲ ಮಾಡಿ ಕಾರ್ಬನ್ ಸೈಕಲ್ ತರುವ ಮೊದಲು ಒಮ್ಮೆ ಕೇಳಿಕೊಳ್ಳಿ: ನಾನು ಕೊಳ್ಳುತ್ತಿರುವುದು ಕುದುರೆಯನ್ನೋ, ಬರೀ ಬಾಲವನ್ನೋ?

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಇಂಥ ಒಂದು ಗುಂಪಿನಲ್ಲಿ ಕಳವಾದಿಂದ ಬರುವ ಒಬ್ಬ ಹುಡುಗನಿದ್ದ. ಉಕ್ಕಿನ ಫ್ರೇಮಿನ ಹಳೆಯ ಗೇರ್ ಸೈಕಲ್, ಯಾರದೋ ಕೈಯಿಂದ ಕೊಂಡದ್ದು. "ನಿನ್ನದು ಬಂಗಾರದಂಥ ಸೈಕಲ್ ಮಾರಾಯ. ಊರಿನ ಬಂಗಾರ ಅಲ್ಲ, ಇಲ್ಲಿಯ ಭಂಗಾರ್!" ಎಂದು ಒಬ್ಬ ಹೇಳಿದ. ಎಲ್ಲರೂ ನಕ್ಕರು, ಆ ಹುಡುಗನೂ ನಕ್ಕ. ಮರು ವಾರವೂ ಅದೇ ತಮಾಷೆ, ಅದರ ಮರು ವಾರವೂ ಅದೇ. ಆಮೇಲೆ ಅವನು ಬರಲಿಲ್ಲ. ಪರೀಕ್ಷೆಯಿರಬೇಕು ಎಂದು ಉಳಿದವರು ಅಂದುಕೊಂಡರು. ಮನೆಯಲ್ಲಿ ಸೈಕಲಿಗೆ ಹಣ ಕೇಳಲಾರದ ಹುಡುಗ, ಸ್ನೇಹಿತರ ನಗುವನ್ನೂ ತಡೆಯಲಾರದೆ ಸುಮ್ಮನೆ ಸರಿದುಹೋದ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಮಿತ್ರರೇ, ಲೆಕ್ಕದ ದೃಷ್ಟಿಯಿಂದಲೂ ಇದು ನಷ್ಟವೇ. ಗಾಳಿಯೇ ವೈರಿ ಎಂದೆನಲ್ಲ? ಮುಂದಿನವನ ಬೆನ್ನ ಹಿಂದೆ ಹತ್ತಿರದಲ್ಲಿ ಸಾಗುವವನಿಗೆ ಶ್ರಮದ ಸುಮಾರು ಕಾಲು ಭಾಗ ಉಳಿಯುತ್ತದೆ. ಸರದಿಯಲ್ಲಿ ಒಬ್ಬರಾದ ಮೇಲೊಬ್ಬರು ಮುಂದೆ ಬಂದರೆ ಎಲ್ಲರಿಗೂ ಆ ಲಾಭ. ಎರಡು ಕಿಲೋ ಇಳಿಸಲು ಲಕ್ಷ ಸುರಿದವರು, ಕಾಲು ಭಾಗ ಶ್ರಮ ಉಳಿಸಿಕೊಡುವ ಜೊತೆಗಾರನನ್ನು ಒಂದು ತಮಾಷೆಗೆ ಕಳೆದುಕೊಂಡರು. ಗಾಳಿಗೆ ಎದೆಕೊಡುವವನ ಸೈಕಲಿನ ಮೇಲೆ ಯಾವ ಹೆಸರಿದೆ ಎಂದು ಗಾಳಿ ಓದುವುದಿಲ್ಲ.

ನಮ್ಮ ನಾಡಿನ ಕಡೆಗೂ ಒಮ್ಮೆ ನೋಡಿ. ಕರ್ನಾಟಕಕ್ಕೆ ಸೈಕಲ್ ಸ್ಪರ್ಧೆಯಲ್ಲಿ ರಾಷ್ಟ್ರಮಟ್ಟದ ಪದಕ ತಂದವರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಡೆಯವರು. ಎಷ್ಟೋ ಜನ ರೈತರ ಮಕ್ಕಳು. ಆ ಕಡೆಯ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನಡೆಯುತ್ತದೆ. ಕಾಲಿನ ಕಸುವು ಬೆಳೆದದ್ದು ಅಲ್ಲಿನ ಬಿಸಿಲು ರಸ್ತೆಗಳಲ್ಲಿ. ಬೆಲೆಬಾಳುವ ಸೈಕಲ್ ಸಿಕ್ಕಿದರೆ ಅದು ಆಮೇಲಿನ ಮಾತು. ನಿಮ್ಮ ತಂದೆಯವರನ್ನೂ ಕೇಳಿ ನೋಡಿ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ಕತೆ ಬಂದೇ ಬರುತ್ತದೆ. ಆ ಕತೆಯಲ್ಲಿ ಫ್ರೇಮ್ ಯಾವುದೆಂಬ ಮಾತಿರುವುದಿಲ್ಲ. ಹಿಂದಿನಿಂದ ಸೀಟು ಹಿಡಿದು ಓಡಿದವರು ಯಾರೆಂಬುದು ಮಾತ್ರ ಖಂಡಿತ ಇರುತ್ತದೆ.

ಹಾಗಾದರೆ ಹಣವನ್ನು ಎಲ್ಲಿ ಖರ್ಚು ಮಾಡಬೇಕು? ಮೊದಲು, ನಿಮ್ಮ ಎತ್ತರಕ್ಕೆ ಸರಿಯಾದ ಅಳತೆಯ ಫ್ರೇಮ್. ಅಳತೆ ತಪ್ಪಿದ ಕಾರ್ಬನ್‌ಗಿಂತ ಅಳತೆಗೆ ಕೂಡಿದ ಉಕ್ಕು ಮೇಲು. ಎರಡನೆಯದು ಒಳ್ಳೆಯ ಟಯರ್. 28 ಮಿಲಿಮೀಟರ್ ಅಗಲದ್ದು ಹೊಂಡದ ರಸ್ತೆಗೆ ಹಿತ. ನಿಮ್ಮ ಫ್ರೇಮಿನಲ್ಲಿ ಹಿಡಿಸುತ್ತದೆಯೇ ಎಂದು ನೋಡಿಕೊಳ್ಳಿ. ಸೊಂಟ ಉಳಿಸುವುದು ಫ್ರೇಮಿಗಿಂತ ಟಯರಿನ ಗಾಳಿ. ಮೂರನೆಯದು ಬ್ರೇಕ್, ಹೆಲ್ಮೆಟ್, ಹಿಂದಿನ ಕೆಂಪು ದೀಪ. ಗಾಯಮುಖ ಘಾಟಿಯ ಹೊಂಡಗಳನ್ನೂ ಅಲ್ಲಿ ಸಾಲುಗಟ್ಟುವ ಟ್ರಕ್ಕುಗಳನ್ನೂ ನೀವು ಬಲ್ಲಿರಿ. ಆ ರಸ್ತೆಯಲ್ಲಿ ಜೋಡಿಯಾಗಿ ಹರಟುತ್ತಾ ಹೋಗಬೇಡಿ. ಒಂದೇ ಸಾಲಿನಲ್ಲಿ ಹೋಗಿ. ವಾಹನ ದಟ್ಟವಾಗಿದ್ದಲ್ಲಿ, ರಸ್ತೆ ಕೆಟ್ಟಲ್ಲಿ ಬೆನ್ನಿಗಂಟಿ ಹೋಗದೆ ಅಂತರ ಬಿಡಿ. ಮುಂದಿನವನು ಹೊಂಡ ಕಂಡ ಕೂಡಲೇ ಕೈ ತೋರಿಸಿ ಕೂಗಬೇಕು. ಇದೆಲ್ಲ ಆದ ಮೇಲೂ ಹಣ ಮಿಕ್ಕಿದರೆ, ಮತ್ತು ಅದು ನಿಮ್ಮದೇ ದುಡಿಮೆಯ ಹಣವಾದರೆ, ಧಾರಾಳವಾಗಿ ಕಾರ್ಬನ್ ತನ್ನಿ. ಒಳ್ಳೆಯ ಸಲಕರಣೆಯ ಮೇಲಿನ ಪ್ರೀತಿ ತಪ್ಪಲ್ಲ.

ತಮಾಷೆಯನ್ನೂ ಬಿಡಬೇಡಿ, ತಮಾಷೆಯಿಲ್ಲದ ರವಿವಾರ ಉಪ್ಪಿಲ್ಲದ ಗಂಜಿಯಂತೆ. ಆದರೆ ಸೊಂಟದ ಸುತ್ತಳತೆಗೆ ನಗುವುದು ಬೇರೆ, ಅಪ್ಪನ ಜೇಬಿಗೆ ನಗುವುದು ಬೇರೆ. ನಿಮ್ಮ ಗುಂಪಿನಿಂದ ಹೀಗೆ ಸದ್ದಿಲ್ಲದೆ ಸರಿದುಹೋದವರು ಯಾರಾದರೂ ಇದ್ದರೆ ಈ ವಾರವೇ ಒಂದು ಫೋನ್ ಮಾಡಿ. "ರವಿವಾರ ಬಾ, ಮೊದಲ ಐದು ಕಿಲೋಮೀಟರ್ ಗಾಳಿಗೆ ನಾನು ಮುಂದಿರುತ್ತೇನೆ" ಎಂದು ಹೇಳಿ. ಅವನು ಬಂದನೇ, ಇಲ್ಲವೇ ಎಂದು ನಮಗೂ ಬರೆದು ತಿಳಿಸಿ. ಕನ್ನಡದಲ್ಲಿ ಬರೆಯಲು ತಡವರಿಸುವವರು ಮನೆಯ ಹಿರಿಯರ ಕೈಯಿಂದ ಬರೆಯಿಸಿದರೂ ಆದೀತು. ಒಳಪೆಡಲ್ ಕತೆ ಕೇಳಲು ಅದೇ ಒಂದು ನೆಪ.